ಹಾಸನದ ಸಂಸದರಿಗೆ: ಕೈಗಾ ದೂರ ಅಂತ ಸುಮ್ನೆ ಇರಬೇಡಿ

ಮಾನ್ಯ ಸಂಸದರೇ,

ನಮಸ್ಕಾರ. ಸಕಲೇಶಪುರದ ಕಡೆಯವನು ನಾನು. ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವ ಕುಟುಂಬ ನಮ್ಮದು. ಕೈಗಾದಲ್ಲಿ ಈಗಿರುವ ನಾಲ್ಕು ಅಣು ವಿದ್ಯುತ್ ಘಟಕಗಳ ಜೊತೆಗೆ ತಲಾ 700 ಮೆಗಾವ್ಯಾಟ್‌ನ ಇನ್ನೂ ಎರಡಕ್ಕೆ ಮಂಜೂರಾತಿ ಸಿಕ್ಕಿದೆ. ಇಲ್ಲಿ ಆ ಮಾತೆತ್ತಿದರೆ, "ಅದು ಕಾರವಾರದವರ ತಲೆನೋವು, ನಮಗೇನು?" ಅನ್ನುತ್ತಾರೆ.

ದೂರ ಇದ್ದ ಮಾತ್ರಕ್ಕೆ ಪಾರಾಗಲ್ಲ. ಉಕ್ರೇನಿನ ಚೆರ್ನೋಬಿಲ್ ಅಣು ಸ್ಥಾವರದಲ್ಲಿ ಸ್ಫೋಟ ಆಗಿದ್ದು 1986ರ ಏಪ್ರಿಲ್ 26ರಂದು. ಅಲ್ಲಿಂದ ಎರಡು ಸಾವಿರ ಕಿ.ಮೀ.ಗೂ ಆಚೆ, ಬ್ರಿಟನ್ನಿನ ವೇಲ್ಸ್ ಗುಡ್ಡಗಳ ಮೇಲೆ ಮುಂದಿನ ದಿನಗಳಲ್ಲಿ ಜೋರು ಮಳೆ ಸುರಿಯಿತು. ಗಾಳಿಯಲ್ಲಿ ಬಂದಿದ್ದ, ವಿಕಿರಣ ಸೂಸುವ ಸೀಸಿಯಂ ಎಂಬ ಧಾತು ಮಳೆಯ ಜೊತೆ ಹುಲ್ಲಿಗೆ ಇಳಿಯಿತು. ಅಲ್ಲಿ ಮೇಯ್ದ ಕುರಿಗಳ ಮಾರಾಟಕ್ಕೆ ಹಾಕಿದ ನಿರ್ಬಂಧ ಪೂರ್ತಿ ಹೋಗಿದ್ದು 2012ರಲ್ಲಿ. ಗುಡ್ಡ, ಮಳೆ, ಹುಲ್ಲು. ಬಿಸಿಲೆ, ಹೆತ್ತೂರು ಕಡೆಯೂ ಇದೇ ಅಲ್ವಾ ಇರೋದು?

ಹಾಲಿನ ವಿಷಯ ಇನ್ನೂ ಸಂಕಟದ್ದು. ವಿಕಿರಣ ಸೂಸುವ ಅಯೋಡಿನ್ ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಸೇರುತ್ತದೆ. ಉಕ್ರೇನ್, ಬೆಲಾರೂಸ್, ರಷ್ಯಾದಲ್ಲಿ ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ ಆರು ಸಾವಿರಕ್ಕೂ ಜಾಸ್ತಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗಿದ್ದವು. ಅದರಲ್ಲಿ ದೊಡ್ಡ ಪಾಲು ಆ ಹಾಲಿನ ಫಲ. ಹೆಚ್ಚಿನವರು ಬದುಕಿಕೊಂಡರು, ನಿಜ. ಆದರೆ ಇದು ತಡೆಯಲಾಗದ ಕಾಯಿಲೆ ಆಗಿರಲಿಲ್ಲ. ಈ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಕೂಡಿಟ್ಟ ಒಣಹುಲ್ಲು ಹಾಕಿ, ಕೆಲವು ವಾರ ಮಕ್ಕಳಿಗೆ ತಾಜಾ ಹಾಲು ತಪ್ಪಿಸಿದ್ದರೆ ಎಷ್ಟೋ ಮಕ್ಕಳಿಗೆ ಈ ಕಾಯಿಲೆ ತಪ್ಪುತ್ತಿತ್ತು. ಹೊತ್ತಿಗೆ ಸರಿಯಾಗಿ ಯಾರೂ ಹೇಳಲಿಲ್ಲ. 2011ರಲ್ಲಿ ಫುಕುಶಿಮಾ ಅಣು ಸ್ಥಾವರದಲ್ಲಿ ಅವಘಡ ಆದಾಗ ಜಪಾನ್ ಹತ್ತೇ ದಿನದಲ್ಲಿ ಆ ಪ್ರಾಂತ್ಯದ ಹಾಲಿನ ಸಾಗಣೆ ನಿಲ್ಲಿಸಿತು.

ಕೈಗಾದ ರಿಯಾಕ್ಟರ್ ಚೆರ್ನೋಬಿಲ್ ತರದ್ದಲ್ಲ, ಅದಕ್ಕೆ ಗಟ್ಟಿ ಕಾಂಕ್ರೀಟ್ ಕವಚ ಇದೆ. ಒಪ್ಪುತ್ತೇನೆ. ಆದರೆ ಕಟ್ಟುತ್ತಿದ್ದಾಗಲೇ, 1994ರ ಮೇ ತಿಂಗಳಲ್ಲಿ, ಅದೇ ಕವಚದ ಗುಮ್ಮಟದ ಕಾಂಕ್ರೀಟ್ ಕುಸಿದಿತ್ತು.

ನಮ್ಮ ಡೇರಿಯಲ್ಲಿ ಕ್ಯಾನಿನಿಂದ ಚೂರು ಹಾಲು ತೆಗೆದು ಮೆಷಿನ್‌ಗೆ ಕೊಟ್ಟರೆ ಫ್ಯಾಟ್ ಎಷ್ಟು, ನೀರು ಬೆರೆತಿದೆಯಾ, ಎಲ್ಲಾ ತಿಳಿಯುತ್ತದೆ. ವಿಕಿರಣ ಅದಕ್ಕೆ ಗೊತ್ತಾಗಲ್ಲ. ಹಾಲಿನ ಬಣ್ಣ, ವಾಸನೆ, ರುಚಿ ಯಾವುದೂ ಕೆಡುವುದಿಲ್ಲ.

ಸ್ಥಾವರದ ಸುತ್ತ 16 ಕಿ.ಮೀ.ಗೆ ತುರ್ತು ಯೋಜನೆ ಇದೆ. ಅದರಾಚೆಯ ಹಾಲನ್ನು ಯಾವ ಲ್ಯಾಬ್ ಪರೀಕ್ಷಿಸುತ್ತದೆ? ಡೇರಿ ಕಾರ್ಯದರ್ಶಿಗೆ ಫೋನ್ ಮಾಡುವವರು ಯಾರು, ಎಷ್ಟು ಗಂಟೆಯೊಳಗೆ? ಚೆಲ್ಲಿದ ಹಾಲಿಗೆ ದುಡ್ಡು ಯಾರು ಕೊಡುತ್ತಾರೆ? ಮುಂದಿನ ಅಧಿವೇಶನದಲ್ಲಿ ದಯವಿಟ್ಟು ಇಷ್ಟನ್ನು ಕೇಳಿ. ಬಂದ ಉತ್ತರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿ ಡೇರಿಯ ಗೋಡೆಗೆ ಅಂಟಿಸಿಸಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಹಾಲು ಉತ್ಪಾದಕ
ಸಕಲೇಶಪುರ ತಾಲ್ಲೂಕು