ಅಕ್ಕಿ ಚೀಲದ ಮೇಲಿನ ಬರಹ ಬದಲಾಗುತ್ತಿದೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ಸಲದ ಏಣೆಲು, ಅಂದರೆ ಮಳೆಗಾಲದ ಬೆಳೆಯ ಅಕ್ಕಿ ಅಂಗಡಿಗೆ ಬಂದಾಗ ಚೀಲ ನೋಡಿ ನಿಮಗೆ ಸ್ವಲ್ಪ ಗೊಂದಲ ಆಗಬಹುದು. ಇಷ್ಟು ವರ್ಷ ನಮ್ಮ ಎಲ್ಲಾ ಚೀಲ, ಡಬ್ಬಿ, ಬಾಟಲಿಗಳ ಮೇಲೆ ‘ಸಾವಯವ’ ಎಂದು ಒಂದೇ ತರ ಇರುತ್ತಿತ್ತು. ಇನ್ನು ಮೂರು ತರ ಇರುತ್ತದೆ. ಕೆಲವು ಚೀಲಗಳ ಮೇಲೆ ‘ಪಿಜಿಎಸ್ ಸಾವಯವ’, ಕೆಲವದರ ಮೇಲೆ ‘ಪಿಜಿಎಸ್ ಗ್ರೀನ್’. ಪಿಜಿಎಸ್ ಎಂದರೆ ರೈತರೇ ಒಬ್ಬರ ತೋಟವನ್ನು ಒಬ್ಬರು ನೋಡಿ ಸಹಿ ಹಾಕುವ ಸಾವಯವ ಪ್ರಮಾಣಪತ್ರ, ಗ್ರೀನ್ ಎಂದರೆ ಇನ್ನೂ ಬದಲಾವಣೆಯ ಹಂತದಲ್ಲಿರುವುದು. ಇನ್ನು ಕೆಲವದರ ಮೇಲೆ ಇದ್ಯಾವುದೂ ಇಲ್ಲ, ಬರೀ ತಳಿ, ಊರು ಮತ್ತು ಕೊಯ್ಲಿನ ತಿಂಗಳು. ಸಾವಯವ ಎಂದಿರುವ ಅಕ್ಕಿಗೆ ಕಿಲೋಗೆ 6 ರೂಪಾಯಿ ಜಾಸ್ತಿ ಆಗುತ್ತದೆ. ಉಳಿದವಕ್ಕೆ ಹಳೇ ದರವೇ.

‘ಅದೇ ರೈತರು, ಅದೇ ಗದ್ದೆ. ಈಗ ಎಂತ ಹೊಸ ರಗಳೆ?’ ಎಂದು ಒಬ್ಬರು ಹಿರಿಯರು ಅಂಗಡಿಯಲ್ಲಿ ಕೇಳಿಯೂ ಆಯಿತು. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಈ ಪತ್ರ.

ಗದ್ದೆಯಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಮಾರಾಟ. ಇಲ್ಲಿಯವರೆಗೆ ನಾವು ಉಡುಪಿಯ ನಮ್ಮ ಅಂಗಡಿಯಲ್ಲಿ ಮಾತ್ರ ಮಾರುತ್ತಿದ್ದೆವು. ರೈತರ ಸಣ್ಣ ಗುಂಪು ತಾನು ಬೆಳೆದದ್ದನ್ನು ಉಣ್ಣುವವರ ಕೈಗೇ ನೇರವಾಗಿ ಕೊಟ್ಟರೆ ಸಾವಯವ ಪ್ರಮಾಣಪತ್ರ ಬೇಕೇಬೇಕು ಎಂದಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ತಂದ ಸಾವಯವ ಆಹಾರ ನಿಯಮದಲ್ಲೇ ಆ ರಿಯಾಯಿತಿ ಇದೆ. ಆದರೆ ಈ ವರ್ಷದಿಂದ ನಮ್ಮ ಅಕ್ಕಿ, ಎಣ್ಣೆ ಮಂಗಳೂರಿನ ಕೆಲವು ಅಂಗಡಿಗಳಿಗೂ ಹೋಗುತ್ತದೆ. ನಡುವೆ ಇನ್ನೊಬ್ಬ ವ್ಯಾಪಾರಿ ಬಂದ ಕೂಡಲೇ ರಿಯಾಯಿತಿ ಮುಗಿಯಿತು. ಉಡುಪಿಗೆ ಒಂದು ಚೀಲ, ಮಂಗಳೂರಿಗೆ ಇನ್ನೊಂದು ಚೀಲ ಎಂದು ಮಾಡಬಹುದಿತ್ತು. ನಿಮ್ಮ ಮಗಳು ಮಂಗಳೂರಿನಲ್ಲಿ ಅದೇ ಅಕ್ಕಿ ಕೊಂಡು, ‘ಅಮ್ಮ, ಇದರಲ್ಲಿ ಸಾವಯವ ಅಂತ ಇಲ್ವಲ್ಲ’ ಎಂದು ಫೋನ್ ಮಾಡಿದರೆ ನಾವು ಏನು ಹೇಳುವುದು? ಎಲ್ಲಾ ಕಡೆ ಒಂದೇ ನಿಯಮ ಇರಲಿ ಎಂದು ಸಂಘದ ಸಭೆಯಲ್ಲಿ ತೀರ್ಮಾನಿಸಿದೆವು.

ಪ್ರಮಾಣಪತ್ರಕ್ಕೆ ಎರಡು ದಾರಿ ಇದೆ. ಒಂದು 2001ರಿಂದ ಇರುವ ಎನ್‌ಪಿಒಪಿ, ಕೇಂದ್ರ ಸರ್ಕಾರದ ಸಾವಯವ ಕಾರ್ಯಕ್ರಮ. ಹೊರಗಿನ ಸಂಸ್ಥೆಯವರು ಬಂದು ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಶುಲ್ಕ ಇದೆ. ವಿದೇಶಕ್ಕೆ ಕಳಿಸುವವರಿಗೆ ಅದೇ ಬೇಕು. ಇನ್ನೊಂದು ಪಿಜಿಎಸ್. ಇದರಲ್ಲಿ ಒಂದೇ ಊರಿನ, ಅಕ್ಕಪಕ್ಕದ ರೈತರು, ಕಡಿಮೆ ಎಂದರೆ ಐದು ಜನ, ಗುಂಪು ಕಟ್ಟಿಕೊಂಡು ಪ್ರತಿಜ್ಞೆ ಬರೆದುಕೊಡುತ್ತಾರೆ. ಆಮೇಲೆ ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ಅರ್ಧ ಎಕರೆ, ಮುಕ್ಕಾಲು ಎಕರೆ ಇರುವ ನಮ್ಮಂಥವರಿಗೆ ಇದೇ ಸರಿ. ಹಾಗಾಗಿ ಪಿಜಿಎಸ್‌ಗೆ ಸೇರಿದೆವು.

ಪಕ್ಕದ ಮನೆಯವರೇ ನೋಡುವುದಾದರೆ ಸುಮ್ನೆ ಸಹಿ ಹಾಕಿ ಬಿಡುತ್ತಾರೆ ಅಂದುಕೊಳ್ಳಬೇಡಿ. ಹೊರಗಿನಿಂದ ಬಂದವರಿಗೆ ಕಾಣದ್ದು ನೆರೆಯವರಿಗೆ ಕಾಣುತ್ತದೆ. ಒಂದು ಮನೆಯಲ್ಲಿ ಎಲ್ಲಾ ಸರಿ ಇತ್ತು. ಹಟ್ಟಿಗೊಬ್ಬರದ ರಾಶಿ, ಜೀವಾಮೃತದ ಡ್ರಮ್ಮು, ಲೆಕ್ಕದ ಪುಸ್ತಕ, ಎಲ್ಲಾ ಚೊಕ್ಕ. ಅಂಗಳದಲ್ಲಿ ಕಾಳುಮೆಣಸು ಒಣಗಲು ಹಾಕಿದ್ದರು. ಕೆಳಗೆ ಹಾಸಿದ್ದು ಯೂರಿಯಾ ಚೀಲಗಳು, ಹೊಲಿಗೆ ಬಿಚ್ಚಿ ಒಂದಕ್ಕೊಂದು ಜೋಡಿಸಿ ಹೊಲಿದದ್ದು. ಆ ಚೀಲ ಅವರು ಕೊಂಡದ್ದೂ ಅಲ್ಲ, ಯಾರದೋ ಮನೆಯಿಂದ ಬಂದದ್ದು. ನಮ್ಮ ಕಡೆ ಖಾಲಿ ಗೊಬ್ಬರದ ಚೀಲ ಇಲ್ಲದ ಮನೆ ಯಾವುದಿದೆ ಹೇಳಿ? ಅಡಿಕೆ ತುಂಬಲು ಅದೇ, ತೆಂಗಿನಕಾಯಿ ಹೊರಲು ಅದೇ, ಕಾಲು ಒರೆಸಲೂ ಅದೇ. ಆದರೆ ರಾಸಾಯನಿಕ ಇದ್ದ ಚೀಲದಲ್ಲಿ ಸಾವಯವ ಬೆಳೆ ತುಂಬುವಂತಿಲ್ಲ, ಒಣಗಿಸುವಂತೆಯೂ ಇಲ್ಲ. ಆ ಕೊಯ್ಲಿನ ಮೆಣಸು ಹೆಸರಿಲ್ಲದ ಪೊಟ್ಟಣಕ್ಕೆ ಹೋಯಿತು. ಈಗ ಸಂಘದಿಂದಲೇ ಎಲ್ಲರಿಗೂ ಗೋಣಿ ಮತ್ತು ಹೊಸ ಟಾರ್ಪಾಲು ಕೊಟ್ಟಿದ್ದೇವೆ.

ನೀರಿನದು ಇನ್ನೂ ದೊಡ್ಡ ತಲೆನೋವು. ಬೈಲು ಗದ್ದೆ ನೋಡಿದವರಿಗೆ ಗೊತ್ತು, ಮಳೆಗಾಲದಲ್ಲಿ ಮೇಲಿನ ಗದ್ದೆಯ ನೀರು ಹುಣಿ (ಗದ್ದೆಯ ಬದು) ಕಡಿದು ಕೆಳಗಿನ ಗದ್ದೆಗೆ ಬಿಡುವುದು. ಮೇಲಿನವರು ಯೂರಿಯಾ ಎರಚಿದರೆ ಕೆಳಗಿನವರು ಹಾಕದೆಯೂ ಹಾಕಿದ ಹಾಗೇ. ನೀರನ್ನು ಬದಿಯ ತೋಡಿಗೆ ತಿರುಗಿಸಲು ಜಾಗ ಇದ್ದಲ್ಲಿ ತಿರುಗಿಸಿದ್ದೇವೆ. ಜಾಗ ಇಲ್ಲದ ಗದ್ದೆಗಳ ಅಕ್ಕಿಗೆ ಸಾವಯವ ಚೀಟಿ ಹಾಕುತ್ತಿಲ್ಲ. ಮೇಲಿನ ಗದ್ದೆಯವರೊಂದಿಗೆ ಮಾತುಕತೆ ನಡೆದಿದೆ. ಕೆಲವರು ಒಪ್ಪಿದ್ದಾರೆ, ಕೆಲವರು ‘ನೋಡುವ’ ಅಂದಿದ್ದಾರೆ. ಈ ‘ನೋಡುವ’ದ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ 6 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದರೆ, ಹೆಚ್ಚಿನದು ಯಂತ್ರ ತೊಳೆಯುವುದಕ್ಕೆ. ಕಟಾವು ಯಂತ್ರ ನಮ್ಮ ಗದ್ದೆಗೆ ಬರುವ ಮೊದಲು ಯಾರದೋ ಗದ್ದೆಯಲ್ಲಿ ಓಡಿರುತ್ತದೆ. ಅದರ ಹೊಟ್ಟೆಯಲ್ಲಿ ಅವರ ಭತ್ತ ಉಳಿದಿರುತ್ತದೆ. ಅದನ್ನು ಖಾಲಿ ಮಾಡಿಸಿಯೇ ಇಳಿಸಬೇಕು. ಬಾಡಿಗೆ ಗಂಟೆ ಲೆಕ್ಕ, ಮೋಡ ನೋಡಿದರೆ ಎಲ್ಲರಿಗೂ ಅವಸರ. ಮಿಲ್ಲಿನಲ್ಲೂ ಇದೇ ಕತೆ. ಕುಚ್ಚಲಕ್ಕಿಗೆ ಭತ್ತ ಬೇಯಿಸಿ ಒಣಗಿಸುವುದು ನಮ್ಮಲ್ಲೇ ಆದರೂ ಅಕ್ಕಿ ಮಾಡಿಸುವುದು ಬಾಡಿಗೆ ಮಿಲ್ಲಿನಲ್ಲಿ. ಈಗ ವಾರಕ್ಕೊಂದು ದಿನ ಬೆಳಿಗ್ಗೆ ಮೊದಲ ಪಾಳಿ ನಮಗೇ ಇಟ್ಟುಕೊಂಡಿದ್ದೇವೆ. ಯಂತ್ರ ಗುಡಿಸಿ, ಒರೆಸಿ, ನಮ್ಮದೇ ಸ್ವಲ್ಪ ಭತ್ತ ಹಾಕಿ ಓಡಿಸುತ್ತೇವೆ. ಆ ಮೊದಲು ಬಿದ್ದ ಅಕ್ಕಿ ಬೇರೆ. ಅದಾದ ಮೇಲೆ ಬೀಳುವುದಕ್ಕೆ ಮಾತ್ರ ಸಾವಯವ ಚೀಲ. ಮೊದಲು ಬಿದ್ದ ಅಕ್ಕಿಯನ್ನು ಕಡಿಮೆ ದರಕ್ಕೆ ಬಿಡಿಯಾಗಿ ಮಾರುತ್ತೇವೆ. ರುಚಿಗೆ ಏನೂ ಕಮ್ಮಿ ಇಲ್ಲ, ದೋಸೆ ಇಡ್ಲಿಗೆ ಬೇಕಾದವರು ಕೇಳಿ ಪಡೆಯಿರಿ.

‘ಸರ್ಕಾರ ದುಡ್ಡು ಕೊಡ್ತದಲ್ವಾ, ಮತ್ತೆ ನಮ್ಮ ಹತ್ರ ಯಾಕೆ ಜಾಸ್ತಿ?’ ಎಂಬ ಮಾತೂ ಬಂದಿದೆ. ಕೊಡುತ್ತದೆ. ಪರಂಪರಾಗತ ಕೃಷಿ ವಿಕಾಸ್ ಯೋಜನೆ ಎಂದು 2015-16ರಲ್ಲಿ ಶುರುವಾದದ್ದು. ಈಗಿನ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಮೂರು ವರ್ಷಕ್ಕೆ ಒಟ್ಟು 31,500 ರೂಪಾಯಿ. ಅದರಲ್ಲಿ ಗೊಬ್ಬರ ಇತ್ಯಾದಿಗೆಂದು ರೈತರ ಖಾತೆಗೆ ಬೀಳುವುದು 15,000. ಉಳಿದದ್ದು ತರಬೇತಿ, ಪ್ರಮಾಣಪತ್ರ, ಮಾರುಕಟ್ಟೆಯ ಖರ್ಚು. ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಅರ್ಧ ಎಕರೆಯವರಿಗೆ ಮೂರು ವರ್ಷಕ್ಕೆ ಹೆಚ್ಚುಕಮ್ಮಿ 3,000 ಆಯಿತು. ಬಂದದ್ದನ್ನು ಬೇಡ ಅನ್ನುವುದಿಲ್ಲ. ಆದರೆ ಮೂರು ವರ್ಷ ಕಳೆದ ಮೇಲೂ ಮಿಲ್ಲು ತೊಳೆಯಲೇಬೇಕು.

ಯೋಜನೆಯಲ್ಲಿ ನಮಗೆ ನಿಜವಾಗಿ ಬೇಸರ ತಂದದ್ದು ಬೇರೆಯೇ. ಸೇರಬೇಕಾದರೆ ಪಹಣಿ, ಆಧಾರ್, ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆ ಎಲ್ಲಾ ಒಂದೇ ಹೆಸರಲ್ಲಿ ಹೊಂದಬೇಕು. ನಮ್ಮ ಕಡೆಯ ಸಂಗತಿ ನಿಮಗೆ ಗೊತ್ತಿದೆ. ಜಾಗ ತೀರಿಹೋದ ಅಜ್ಜಿಯ ಹೆಸರಲ್ಲಿ ಇರುತ್ತದೆ, ಇಲ್ಲವೇ ಮುಂಬಯಿಯಲ್ಲಿರುವ ಅಣ್ಣನ ಹೆಸರಲ್ಲಿ. ಪಾಲು ಆಗಿರುವುದಿಲ್ಲ. ಗದ್ದೆಗೆ ಇಳಿಯುವವರು ತಂಗಿ. ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ, ತಾಯಿಯ ಕಾಲದಿಂದಲೂ ಗದ್ದೆಗೆ ಸೊಪ್ಪು ಮತ್ತು ಹಟ್ಟಿಗೊಬ್ಬರ ಬಿಟ್ಟು ಬೇರೆ ಹಾಕಿದವರಲ್ಲ. ನಮ್ಮ ಪಿಜಿಎಸ್ ಗುಂಪು ಈ ಯೋಜನೆಯದೇ, ಅದಕ್ಕೆ ಅವರ ಹೆಸರು ಸೇರಲಿಲ್ಲ. ಹಾಗಾಗಿ ಅವರ ಕಜೆ ಎಂಬ ಊರ ತಳಿಯ ಅಕ್ಕಿ ಸದ್ಯಕ್ಕೆ ಹೆಸರಿಲ್ಲದ ಚೀಲದಲ್ಲೇ ಬರುತ್ತದೆ. ಕಾಗದ ಸರಿಮಾಡಿಸಲು ಸಂಘ ಓಡಾಡುತ್ತಿದೆ. ನಿಮಗೆ ರುಚಿ ಮುಖ್ಯವಾದರೆ, ಹಳೇ ದರಕ್ಕೆ ಸಿಗುವ ಈ ಅಕ್ಕಿಯನ್ನು ಬಿಡಬೇಡಿ ಎಂಬುದು ನಮ್ಮ ಸ್ವಂತ ಅಭಿಪ್ರಾಯ.

ಗ್ರೀನ್ ಎಂದರೆ ಬದಲಾವಣೆಯ ಹಂತದಲ್ಲಿರುವ ಜಮೀನು. ರಾಸಾಯನಿಕ ಬಿಟ್ಟ ಮೇಲೆ ಭತ್ತ, ತರಕಾರಿಯಂಥ ಬೆಳೆಗೆ 24 ತಿಂಗಳು, ತೆಂಗು, ಮೆಣಸಿನಂಥ ಬಹುಕಾಲದ ಬೆಳೆಗೆ 36 ತಿಂಗಳು ಕಾಯಬೇಕು. ಆದ್ದರಿಂದ ಒಂದೇ ಮನೆಯ ಅಕ್ಕಿ ಸಾವಯವ ಆಗಿ, ಅದೇ ಮನೆಯ ತೆಂಗಿನೆಣ್ಣೆ ಇನ್ನೂ ಗ್ರೀನ್ ಆಗಿದ್ದರೆ ಆಶ್ಚರ್ಯ ಪಡಬೇಡಿ. ಮಳೆಗಾಲದಲ್ಲಿ ಮೆಣಸಿನ ಬಳ್ಳಿಗೆ ಮೈಲುತುತ್ತು, ಸುಣ್ಣ ಹೊಡೆಯುವುದನ್ನು ನೋಡಿ ಕೆಲವರು ಅನುಮಾನ ಪಟ್ಟಿದ್ದರು. ಬೋರ್ಡೋ ದ್ರಾವಣ ಎನ್ನುವ ಈ ಮಿಶ್ರಣವನ್ನು ಸಾವಯವದಲ್ಲೂ ಮಿತಿಯಲ್ಲಿ ಬಳಸಲು ಅವಕಾಶ ಇದೆ. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಅದಕ್ಕೇ ಮಿತಿ. ಎಷ್ಟು ಹೊಡೆದರು ಎಂಬುದು ಪುಸ್ತಕದಲ್ಲಿ ಬರೆದಿರುತ್ತದೆ.

ಮಟ್ಟುಗುಳ್ಳ ಬದನೆಯ ಬಗ್ಗೆ ಒಂದು ಮಾತು. ಅದಕ್ಕೆ 2011ರಲ್ಲಿ ಸಿಕ್ಕ ಜಿಐ (ಭೌಗೋಳಿಕ) ಗುರುತು ಎಲ್ಲಿ ಬೆಳೆದದ್ದು ಎಂಬುದಕ್ಕೆ ಮಾತ್ರ. ಹೇಗೆ ಬೆಳೆದರು ಎಂಬುದನ್ನು ಅದು ಹೇಳುವುದಿಲ್ಲ. ನಾವು ತರಿಸುವ ಗುಳ್ಳಕ್ಕೆ ಸಾವಯವ ಪ್ರಮಾಣಪತ್ರ ಇಲ್ಲ. ಆದ್ದರಿಂದ ಸಾವಯವ ಬುಟ್ಟಿಗಳ ಸಾಲಿನಿಂದ ತೆಗೆದು ಬೇರೆ ಇಟ್ಟಿದ್ದೇವೆ.

ಹೊಸ ಚೀಲದ ಮೇಲೆ ಗುಂಪಿನ ಸಂಖ್ಯೆ ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಆ ಸಂಖ್ಯೆ ಹೇಳಿದರೆ ಯಾವ ಊರಿನ ಗದ್ದೆ, ಯಾವತ್ತು ಮಿಲ್ಲಿಗೆ ಹೋಯಿತು ಎಂದು ಪುಸ್ತಕ ತೆಗೆದು ತೋರಿಸುತ್ತೇವೆ. ಹಳೇ ಅಚ್ಚಿನ ಖಾಲಿ ಚೀಲಗಳು ಒಂದಷ್ಟು ಉಳಿದಿವೆ. ಅವುಗಳಲ್ಲಿ ಅಕ್ಕಿ ಮಾರುವುದಿಲ್ಲ. ಗಿಡಗಳಿಗೆ ಗೊಬ್ಬರ ಒಯ್ಯುವವರು ಸುಮ್ನೆ ತೆಗೆದುಕೊಂಡು ಹೋಗಬಹುದು.

ವರ್ಷದ ಅಕ್ಕಿಗೆ ಮುಂಗಡ ಕೊಟ್ಟವರಿಗೆ ಹಳೇ ದರದಲ್ಲೇ ಸಾವಯವ ಅಕ್ಕಿ ಸಿಗುತ್ತದೆ. ರಶೀದಿ ತನ್ನಿ. ಹೊಸದಾಗಿ ಬುಕ್ ಮಾಡುವವರು ಯಾವ ಚೀಲ ಬೇಕು ಎಂದು ಮೊದಲೇ ಹೇಳಿ, ಯಾಕೆಂದರೆ ಸಾವಯವ ಚೀಟಿಯ ಕಜೆ ಈ ಸಲ ಸ್ವಲ್ಪವೇ ಇದೆ. ಎಂಒ4 ತಳಿಯದು ಬೇಕಾದಷ್ಟಿದೆ.

ಇತಿ,
ಕಾರ್ಯದರ್ಶಿ ಮತ್ತು ಸದಸ್ಯರು,
ರೈತರ ಸಹಕಾರ ಸಂಘ, ಉಡುಪಿ