ಚೈನ್ ಸಾ ಬಾಡಿಗೆ ನಿಲ್ಲಿಸಿದ್ದೇವೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮನೆಯ ಸುತ್ತಲಿನ ಮರದ ಗೆಲ್ಲು (ಕೊಂಬೆ) ಕಡಿಯಲು ಇನ್ನು ಮುಂದೆ ನಮ್ಮ ಅಂಗಡಿಯಲ್ಲಿ ಚೈನ್ ಸಾ, ಅಂದರೆ ಮರ ಕೊಯ್ಯುವ ಮೆಷಿನ್, ಬಾಡಿಗೆಗೆ ಸಿಗುವುದಿಲ್ಲ. ಬಿದ್ದ ಮರ, ನೆಲದಲ್ಲಿರುವ ದಿಮ್ಮಿ ಕೊಯ್ಯುವುದಿದ್ದರೆ ಮೆಷಿನ್ ನಮ್ಮ ಆಪರೇಟರ್ ಜೊತೆಗೇ ಬರುತ್ತದೆ, ಬರಿ ಮೆಷಿನ್ ಹೊರಗೆ ಹೋಗುವುದಿಲ್ಲ. ಮಳೆ ಹಿಡಿಯುವ ಮೊದಲು ಮಾಡಿನ ಮೇಲೆ ಬಾಗಿದ ಗೆಲ್ಲು ತೆಗೆಯುವ ಗಡಿಬಿಡಿಯಲ್ಲಿ ನೀವಿದ್ದೀರಿ, ಗೊತ್ತು. ತೊಂದರೆಯಾದದ್ದಕ್ಕೆ ಕ್ಷಮೆ ಇರಲಿ. ಮುಂಗಡ ಕೊಟ್ಟವರ ಹಣ ಅಂಗಡಿಯಲ್ಲಿ ತೆಗೆದಿಟ್ಟಿದೆ, ಬಂದು ತೆಗೆದುಕೊಂಡು ಹೋಗಿ.

ಈಗ ಬದಿಯಡ್ಕದಿಂದ ಪೆರ್ಲದವರೆಗೆ ಎಲ್ಲರ ಬಾಯಲ್ಲೂ ಇರುವ ಒಂದು ಮಾತಿಗೆ ಬರುತ್ತೇವೆ. "ಕೈಗರಗಸ ಮಾರಲಿಕ್ಕಾಗಿ ಮೆಷಿನ್ ಒಳಗಿಟ್ಟಿದ್ದಾರೆ." ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಗರಗಸ ಒಯ್ದವರು ಮತ್ತೆ ವರ್ಷಗಟ್ಟಲೆ ಆ ಕಪಾಟಿನ ಕಡೆ ಬರುವುದಿಲ್ಲ. ಮೆಷಿನಾದರೆ ಏಪ್ರಿಲ್, ಮೇ ತಿಂಗಳಲ್ಲಿ ಒಂದು ದಿನವೂ ಖಾಲಿ ಇರುತ್ತಿರಲಿಲ್ಲ. ಲಾಭವೇ ಬೇಕಿದ್ದರೆ ಯಾವುದನ್ನು ಇಟ್ಟುಕೊಳ್ಳುತ್ತಿದ್ದೆವು, ನೀವೇ ಹೇಳಿ.

ನಿಲ್ಲಿಸಿದ್ದಕ್ಕೆ ಕಾರಣ ಏಣಿ. ಬಾಡಿಗೆಗೆ ಒಯ್ದವರಲ್ಲಿ ಹೆಚ್ಚಿನವರು ಮೆಷಿನ್ ಹಿಡಿದು ಏಣಿ ಹತ್ತುತ್ತಿದ್ದರು. ಪೂರ್ತಿ ವೇಗದಲ್ಲಿ ಅದರ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಬ್ಲೇಡಿನ ತುದಿಯ ಮೇಲ್ಭಾಗ ಪಕ್ಕದ ಇನ್ನೊಂದು ಗೆಲ್ಲಿಗೆ ತಾಗಿದರೆ ಸಾಕು, ಇಡೀ ಬ್ಲೇಡು ಹಿಂದಕ್ಕೆ, ಹಿಡಿದವರ ಮುಖದ ಕಡೆಗೆ ಚಿಮ್ಮುತ್ತದೆ. ನಮಗೆ ಅದು ಗೊತ್ತಾಗುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ. ಎರಡೂ ಕಾಲು ನೆಲದ ಮೇಲಿರಬೇಕು, ಎರಡೂ ಕೈ ಮೆಷಿನಿನ ಮೇಲಿರಬೇಕು, ಬ್ಲೇಡು ಹೆಗಲಿಗಿಂತ ಮೇಲೆ ಹೋಗಬಾರದು. ಏಣಿಯ ಮೇಲೆ ಇದರಲ್ಲಿ ಒಂದಾದರೂ ಆಗುತ್ತದಾ? ಆನ್‌ಲೈನಿನಲ್ಲಿ ಬರುವ ಪುಟ್ಟ ಬ್ಯಾಟರಿ ಮೆಷಿನ್ ತರಿಸಿಕೊಡಿ ಎಂದು ಕೇಳಿದವರಿಗೂ ಇದೇ ಉತ್ತರ. ಒಂದೇ ಕೈಯಲ್ಲಿ ಹಿಡಿಯಲು ಬರುತ್ತದೆ ಎಂಬುದೇ ಅದರ ಅಪಾಯ. ಇನ್ನೊಂದು ಕೈ ಗೆಲ್ಲಿನ ಮೇಲೆ, ಚೈನಿನ ಹತ್ತಿರವೇ ಇರುತ್ತದೆ.

ಡಿಪಾಸಿಟ್ ಹಿಡಿದುಕೊಳ್ಳುತ್ತಾರೆ ಎಂದೂ ಬೈದಿದ್ದೀರಿ. ಈ ಮೆಷಿನಿನದು ಟೂ ಸ್ಟ್ರೋಕ್ ಎಂಜಿನ್, ಅದಕ್ಕೆ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಒಳಗೇ ಸಿಕ್ಕಿಕೊಂಡು ಎಂಜಿನ್ ನಿಂತುಬಿಡುತ್ತದೆ. ಚೈನು ಮಣ್ಣಿಗೆ ತಾಗಿದರೆ, ಅಥವಾ ಹಿಂದೆ ಯಾವಾಗಲೋ ಬೋರ್ಡು ನೇತುಹಾಕಲು ಮರಕ್ಕೆ ಹೊಡೆದ ಮೊಳೆಗೆ ತಾಗಿದರೆ, ಹಲ್ಲು ಕ್ಷಣದಲ್ಲಿ ಹೋಗುತ್ತದೆ. ಆ ಖರ್ಚನ್ನೆಲ್ಲ ಹೊತ್ತದ್ದು ನಾವು. ಹಿಡಿದುಕೊಂಡ ಡಿಪಾಸಿಟ್ ಅದರ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಹಾಗಾದರೆ ಗೆಲ್ಲು ಕಡಿಯುವುದು ಯಾವುದರಲ್ಲಿ? ಹೆಬ್ಬೆರಳು ದಪ್ಪದವರೆಗೆ ಸಿಕೇಚರ್ (ಗಿಡ ಕತ್ತರಿಸುವ ಕತ್ತರಿ) ಸಾಕು. ಅದಕ್ಕಿಂತ ದಪ್ಪ, ಮೊಣಕೈಯ ಗಾತ್ರದವರೆಗೆ ಬಾಗಿದ ಕೈಗರಗಸ. ಇದರ ಹಲ್ಲು ಎಳೆಯುವಾಗ ಕೊಯ್ಯುತ್ತದೆ, ದೂಡುವಾಗ ಅಲ್ಲ. ಸುಮ್ನೆ ಒತ್ತಿ ದೂಡಿದರೆ ಬ್ಲೇಡು ಬಾಗುತ್ತದೆ ಅಷ್ಟೇ. ಆಚಾರಿಯ ಗರಗಸ ಒಣ ಹಲಗೆಗೆ ಮಾಡಿದ್ದು, ಹಸಿ ಮರದ ಪುಡಿ ಅದರ ಸಣ್ಣ ಹಲ್ಲಿನಲ್ಲಿ ತುಂಬಿ ನಿಂತುಬಿಡುತ್ತದೆ. ಹಲಸು ಕಡಿಯುವ ಮೊದಲು ಬ್ಲೇಡಿಗೆ ತೆಂಗಿನೆಣ್ಣೆ ಸವರಿ, ಮೇಣ ಹಿಡಿಯುವುದಿಲ್ಲ.

ಎತ್ತರದ ಗೆಲ್ಲಿಗೆ ಉದ್ದ ಕೋಲಿನ ಗರಗಸವಿದೆ. ನೆಲದಲ್ಲೇ ನಿಂತು ಕೊಯ್ಯಬಹುದು, ಆದರೆ ಗೆಲ್ಲಿನ ನೇರ ಕೆಳಗೆ ನಿಲ್ಲಬೇಡಿ. ಕಣ್ಣಿಗೆ ಕನ್ನಡಕ, ತಲೆಗೆ ಹೆಲ್ಮೆಟ್ ಬೇಕು. ಹತ್ತಿರ ಕರೆಂಟಿನ ತಂತಿ ಇದ್ದರೆ ಕೋಲು ಎತ್ತಲೇಬೇಡಿ. ಅಲ್ಯುಮಿನಿಯಂ ಒಂದೇ ಅಲ್ಲ, ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. 1912ಕ್ಕೆ ಫೋನ್ ಮಾಡಿ, ಕೆಎಸ್‌ಇಬಿಯವರು (ಕೇರಳದ ವಿದ್ಯುತ್ ಮಂಡಳಿ) ಬರಲಿ.

ಕೊಯ್ಯುವ ಕ್ರಮವನ್ನೂ ಅಂಗಡಿಯಲ್ಲಿ ತೋರಿಸುತ್ತೇವೆ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಗೆಲ್ಲಿನ ಕೆಳಗಿನಿಂದ, ದಪ್ಪದ ಮೂರನೇ ಒಂದರಷ್ಟು ಕೊಯ್ಯಿರಿ. ಆಮೇಲೆ ಅದಕ್ಕಿಂತ ಸ್ವಲ್ಪ ಹೊರಗೆ, ಮೇಲಿನಿಂದ. ಹೀಗೆ ಮಾಡಿದರೆ ಗೆಲ್ಲು ಬೀಳುವಾಗ ಕಾಂಡದ ಸಿಪ್ಪೆ ಎದ್ದು ಬರುವುದಿಲ್ಲ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಬುಡದಲ್ಲಿ ಉಬ್ಬಿದ ಬಳೆಯಂಥ ಭಾಗವನ್ನು ಮಾತ್ರ ಮುಟ್ಟಬೇಡಿ, ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ.

ಗರಗಸದ ಕ್ರಯ ಜಾಸ್ತಿ ಅನ್ನುವವರಿಗೆ: ಕತ್ತಿ, ಕೊಡಲಿ, ಸಿಕೇಚರ್‌ಗೆ ಜಿಎಸ್‌ಟಿ ಇಲ್ಲ, ಅವು ಕೃಷಿ ಸಲಕರಣೆ. ಗರಗಸಕ್ಕೆ ಶೇ. 18. ಮರ ಕಡಿಯುವ ಕತ್ತಿ ಕೃಷಿಗೆ, ಅದೇ ಮರ ಕೊಯ್ಯುವ ಗರಗಸ ಕೃಷಿಗಲ್ಲ! ಇದು ನಾವು ಮಾಡಿದ ನಿಯಮವಲ್ಲ. ಬಿಲ್ಲಿನಲ್ಲಿ ಆ ಸಾಲನ್ನು ಬೇರೆಯಾಗಿಯೇ ತೋರಿಸುತ್ತಿದ್ದೇವೆ, ನೋಡಿಕೊಳ್ಳಿ.

ಹಳೆಯ ಗರಗಸ ಇದ್ದರೆ ಹೊಸದು ಕೊಳ್ಳುವ ಮೊದಲು ತಂದು ತೋರಿಸಿ. ಅರ ಹಿಡಿಯುವಂಥದ್ದಾದರೆ ಹರಿತ ಮಾಡಿಕೊಡುತ್ತೇವೆ. ಹಲ್ಲಿನ ತುದಿ ನೀಲಿ-ಕಪ್ಪಾಗಿದ್ದರೆ ಅದು ಬಿಸಿ ಮಾಡಿ ಗಟ್ಟಿ ಮಾಡಿದ ಹಲ್ಲು, ಅದಕ್ಕೆ ಅರ ಹಿಡಿಯುವುದಿಲ್ಲ. ಅಂಥದ್ದನ್ನು ಹರಿತ ಮಾಡುತ್ತೇವೆಂದು ದುಡ್ಡು ಕೇಳುವುದೂ ಇಲ್ಲ. ಗೆಲ್ಲಿನ ಫೋಟೋ ಮೊಬೈಲಿನಲ್ಲಿ ತನ್ನಿ, ಅದಕ್ಕೆ ಯಾವುದು ಬೇಕೆಂದು ನಾವೇ ಹೇಳುತ್ತೇವೆ. ಅಂಗಡಿಯ ಎದುರು ಗೊಬ್ಬರದ ಗಿಡದ ಹಸಿ ಕೋಲುಗಳನ್ನು ಕಟ್ಟಿಟ್ಟಿದ್ದೇವೆ. ಎರಡು ಸಲ ಎಳೆದು ನೋಡಿ, ಕೈಗೆ ಹೊಂದಿದರೆ ಮಾತ್ರ ಒಯ್ಯಿರಿ. ಏಣಿ ಹತ್ತದೆ ಆಗದ ಗೆಲ್ಲು ಅಂತ ಕಂಡರೆ ಗರಗಸ ಮಾರದೆ ಮರ ಹತ್ತುವವರ ನಂಬರ್ ಕೊಟ್ಟು ಕಳುಹಿಸುತ್ತೇವೆ. ಆಗ ಬೇಸರ ಮಾಡಿಕೊಳ್ಳಬೇಡಿ.

ಇತಿ,
ಅಂಗಡಿಯ ಎಲ್ಲರ ಪರವಾಗಿ