ಹಳೆಯ ವಸ್ತುವನ್ನು ಹೊಸದು ಮಾಡಬೇಡಿ

ಮಾನ್ಯ ಸಂಪಾದಕರೇ,

ಎಂಜಿನಿಯರ್ ಒಬ್ಬರು ಕೆಲಸ ಬಿಟ್ಟು ಹಳೆಯ ವಸ್ತುಗಳ ಸಂಗ್ರಾಹಕರಾದ ಬಗೆಯನ್ನು ಹೇಳುವ ಲೇಖನವನ್ನು ನಿಮ್ಮ ಪುರವಣಿಯಲ್ಲಿ ಓದಿದೆವು. ಬರಹ ಸೊಗಸಾಗಿದೆ. ಆದರೆ ಕೆಟ್ಟು ನಿಂತದ್ದನ್ನೆಲ್ಲ ಅವರು ಹೊಸದರಂತೆ ಮಾಡಿಟ್ಟಿದ್ದಾರೆ ಎಂಬ ಹೊಗಳಿಕೆಗೆ ನಮ್ಮ ತಕರಾರಿದೆ. ಅದನ್ನು ಓದಿದವರು ನಾಳೆಯೇ ಅಟ್ಟದ ಗಡಿಯಾರ ಇಳಿಸಿ ಉಜ್ಜಲು ಕೂತರೆ ಆಗುವ ನಷ್ಟವನ್ನು ಮತ್ತೆ ತುಂಬಲಾಗದು.

ಯಂತ್ರ ನಿಂತಿದ್ದರೆ ಎಂಜಿನಿಯರನ ಕೈ ಸುಮ್ಮನಿರುವುದಿಲ್ಲ. ಸಂಗ್ರಾಹಕನಾದವನು ಮೊದಲು ಕಲಿಯಬೇಕಾದದ್ದು ಆ ಕೈಯನ್ನು ಕಟ್ಟಿಕೊಂಡು ಕೂರುವುದನ್ನು. ತಿರುಪಿನ ತಲೆಯ ಸೀಳು ನಡುವಿನಿಂದ ತುಸು ಸರಿದಿದ್ದರೆ ಅದನ್ನು ಕೈಯಿಂದ ಕೊಯ್ದಿರುವ ಸಾಧ್ಯತೆ ಹೆಚ್ಚು. ಮರದ ತಿರುಪಿನ ತುದಿ ಮೊಂಡಾಗಿದ್ದರೆ ಅದು ಬಹುಶಃ 19ನೆಯ ಶತಮಾನದ ನಡುಭಾಗಕ್ಕಿಂತ ಹಿಂದಿನದು. ಚೂಪು ತುದಿಯ ತಿರುಪು ಬಳಕೆಗೆ ಬಂದದ್ದೇ ಆಮೇಲೆ. ಹಿಂದಿನ ದುರಸ್ತಿಗಾರ ಗಡಿಯಾರದ ಚಕ್ರಗಳನ್ನು ಹಿಡಿದಿಡುವ ಲೋಹದ ತಟ್ಟೆಯ ಒಳಮೈಯಲ್ಲಿ ಗೀಚಿಟ್ಟ ದಿನಾಂಕವೂ ಹೀಗೆಯೇ ಒಂದು ಪುರಾವೆ. ‘ಚೊಕ್ಕಟವಾಗಿ ಕೂರಲಿ’ ಎಂದು ಹೊಸ ತಿರುಪು ಹಾಕಿ, ಗೀಚನ್ನು ಉಜ್ಜಿ ತೆಗೆದರೆ ವಸ್ತುವಿನ ವಯಸ್ಸು ಹೇಳುವ ಬಾಯನ್ನೇ ಮುಚ್ಚಿದಂತೆ.

ಹೆಚ್ಚು ಹಾಳಾಗುವುದು ಗಡಿಯಾರಗಳು. ಸ್ಪ್ರಿಂಗ್ ಗಡಿಯಾರವನ್ನು ಬಿಚ್ಚಲೇಬೇಕಾದರೆ ಮೊದಲು ಸ್ಪ್ರಿಂಗಿನ ಬಿಗುವನ್ನು ಪೂರ್ತಿ ಇಳಿಸಬೇಕು. ಕೀಲಿ ಕೊಡುವ ಚೌಕಕ್ಕೆ ದುಂಡನೆಯ ಉದ್ದ ಹಿಡಿಯಿರುವ ಸಲಕರಣೆ ಕೂರಿಸಿ, ಹಿಡಿಯನ್ನು ಬಿಗಿಯಾಗಿ ಹಿಡಿದು, ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವ ಪುಟ್ಟ ಕೊಂಡಿಯನ್ನು (ಕ್ಲಿಕ್) ಬದಿಗೆ ಸರಿಸಿ, ಹಿಡಿಯು ಅಂಗೈಯೊಳಗೆ ನಿಧಾನವಾಗಿ ಜಾರಿ ತಿರುಗುವಂತೆ ಬಿಡಬೇಕು. ಗಂಟೆ ಬಾರಿಸುವ ಗಡಿಯಾರದಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಎರಡಿರುತ್ತವೆ. ಒಂದನ್ನು ಇಳಿಸಿ ಇನ್ನೊಂದನ್ನು ಮರೆಯುವುದುಂಟು. ಬಿಗುವು ಉಳಿದಿರುವಾಗ ತಟ್ಟೆ ಬಿಚ್ಚಿದರೆ ಚಕ್ರದ ಹಲ್ಲುಗಳು ಸಾಲಾಗಿ ಮುರಿದು, ಅಚ್ಚಿನ ತುದಿ ಬಾಗಿ, ಬೆರಳಿಗೂ ಗಾಯ ಮಾಡುತ್ತದೆ.

ಎಣ್ಣೆಯ ವಿಷಯದಲ್ಲೂ ಅಷ್ಟೇ. ಅಚ್ಚಿನ ತುದಿ ತಿರುಗುವ ಕುಳಿಗೆ ಗಡಿಯಾರದ ಎಣ್ಣೆ ಬೇಕು, ಅದೂ ಕುಳಿಯ ಅರ್ಧದಷ್ಟೇ. ತುಂಬಿ ತುಳುಕಿದರೆ ಅದು ತಟ್ಟೆಯ ಮೇಲೆ ಹರಡುತ್ತ ಕುಳಿಯಲ್ಲಿರುವ ಹನಿಯನ್ನೂ ಎಳೆದುಕೊಂಡು ಹೋಗುತ್ತದೆ; ಕೊನೆಗೆ ಅಚ್ಚು ಒಣಗಿಯೇ ತಿರುಗುತ್ತದೆ. ಚಕ್ರದ ಹಲ್ಲಿಗೆ ಎಣ್ಣೆ ಹಾಕಲೇಬಾರದು. ದೂಳು ಎಣ್ಣೆಗೆ ಅಂಟಿ, ಮೆತ್ತನೆಯ ಹಿತ್ತಾಳೆಯ ಹಲ್ಲಿನಲ್ಲಿ ಹುದುಗಿಕೊಂಡು, ಅದಕ್ಕೆ ಕೂಡಿಕೊಂಡು ತಿರುಗುವ ಗಟ್ಟಿ ಉಕ್ಕಿನ ಪುಟ್ಟ ಹಲ್ಲುಚಕ್ರವನ್ನು (ಪಿನಿಯನ್) ಅರದಂತೆ ತಿನ್ನುತ್ತದೆ. ಮೆತ್ತನೆಯದು ಉಳಿದು ಗಟ್ಟಿಯಾದದ್ದು ಸವೆಯುವುದು ಹೀಗೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಗಡಿಯಾರ ಎರಡು ದಿನ ಓಡೀತು. ದ್ರಾವಕ ಆರಿದ ಮೇಲೆ ಅಂಟು ಉಳಿದು ಮತ್ತೆ ನಿಲ್ಲುತ್ತದೆ.

ಹಿತ್ತಾಳೆಗೆ ಅಮೋನಿಯ ಇರುವ ಪಾಲಿಶ್ ಬೇಡ. ಬಡಿದು, ಬಗ್ಗಿಸಿ ರೂಪಿಸಿದ ಹಿತ್ತಾಳೆಯಲ್ಲಿ ಒಳಬಿಗುವು ಉಳಿದಿರುತ್ತದೆ. ಅಮೋನಿಯ ತಾಗಿದರೆ ಅದು ಬಿರಿಯುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ತೋಟಾಗಳ ಹಿತ್ತಾಳೆ ಕೋಶಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು. ಅವುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು, ಮೂತ್ರದಿಂದೇಳುವ ಅಮೋನಿಯವೇ ಕಾರಣ ಎಂಬ ವಿವರಣೆ 1921ರಲ್ಲಿ ಪ್ರಕಟವಾಯಿತು. ಲೋಹಶಾಸ್ತ್ರ ಓದಿದ ಎಂಜಿನಿಯರಿಗೆ ಇದು ಗೊತ್ತಿರುವ ಪಾಠವೇ. ಕಪಾಟಿನ ಮುಂದೆ ಕೂತಾಗ ಮರೆತುಹೋಗುತ್ತದೆ! ಅಮೋನಿಯ ಇಲ್ಲದ ಪಾಲಿಶ್ ಆದರೂ ಪ್ರತಿ ಸಲ ಲೋಹದ ಒಂದು ಪದರವನ್ನು ತಿನ್ನುತ್ತದೆ, ಕೆತ್ತಿದ ಅಕ್ಷರ ಮಾಸುತ್ತದೆ. ಮೆದು ಬ್ರಷ್ಷಿನಲ್ಲಿ ದೂಳು ತೆಗೆದು, ಬಟ್ಟಿ ಇಳಿಸಿದ ನೀರಿಗೆ ಎರಡು ಹನಿ ಸೌಮ್ಯ ಸೋಪುದ್ರವ ಬೆರೆಸಿ ಹತ್ತಿಯಲ್ಲಿ ಒರೆಸಿ, ಬರಿ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು (ಪೆಟ್ರೋಲಿಯಂನಿಂದ ತೆಗೆದ ನುಣುಪು ಮೇಣ) ತೆಳ್ಳಗೆ ಸವರಿದರೆ ಸಾಕು.

ಕಂಚಿನ ಮೇಲಿನ ಕಿಲುಬೆಲ್ಲ ಒಂದೇ ಅಲ್ಲ. ಗಟ್ಟಿಯಾಗಿ, ನುಣ್ಣಗೆ ಕೂತ ಕಡುಹಸಿರು ಲೋಹವನ್ನು ಕಾಯುತ್ತದೆ, ಮುಟ್ಟಬೇಡಿ. ತಿಳಿಹಸಿರು ಪುಡಿ ಚುಕ್ಕೆಚುಕ್ಕೆಯಾಗಿ ಉದುರುತ್ತಿದ್ದರೆ ಅದು ರೋಗ. ಒಳಗಿರುವ ತಾಮ್ರದ ಕ್ಲೋರೈಡ್ ತೇವ ಮತ್ತು ಗಾಳಿಯೊಡನೆ ಸೇರಿ ಆಮ್ಲವಾಗಿ, ಆಮ್ಲ ಮತ್ತಷ್ಟು ಲೋಹ ತಿಂದು, ಸುತ್ತು ಮುಂದುವರಿಯುತ್ತದೆ. ಅಂಥದ್ದನ್ನು ಕೂಡಲೇ ಬೇರೆ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಒಣ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಪಟ್ಟಿಯೊಂದಿಗೆ ಇಡಬೇಕು. ಸಾಪೇಕ್ಷ ಆರ್ದ್ರತೆ ಶೇ 40ಕ್ಕಿಂತ ಕೆಳಗಿರಲಿ. ಮುಂದಿನದು ತಜ್ಞರ ಕೆಲಸ.

ಹಳೆಯ ರೇಡಿಯೊವನ್ನು ತಂದವರು ಮೊದಲು ಮಾಡುವುದು ಪ್ಲಗ್ ಚುಚ್ಚುವುದು, ಅದನ್ನೇ ಮಾಡಬಾರದು. ಒಳಗಿನ ಕಾಗದದ ಮತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಹಳತಾಗಿ ವಿದ್ಯುತ್ತನ್ನು ಸೋರಿಸುತ್ತಿರುತ್ತವೆ, ವೈರಿನ ರಬ್ಬರ್ ಹೊದಿಕೆ ಪುಡಿಯಾಗಿರುತ್ತದೆ; ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದೇ ಬಗೆಯದು ಸಿಗುವುದು ಕಷ್ಟ. ಕತ್ತಲಲ್ಲಿ ಹೊಳೆಯಲೆಂದು ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದ ಗಡಿಯಾರದ ಮುಖಗಳು ಇನ್ನೂ ಅಪಾಯ. ಹೊಳಪು ಹೋಗಿದೆ ಎಂದರೆ ವಿಕಿರಣ ತಾಗಿ ಬೆಳಗುತ್ತಿದ್ದ ಸತು ಸಲ್ಫೈಡ್ ಸತ್ತಿದೆ ಎಂದಷ್ಟೇ ಅರ್ಥ. ರೇಡಿಯಂ-226 ಅರ್ಧದಷ್ಟಾಗಲು ಸುಮಾರು 1600 ವರ್ಷ ಬೇಕು. ಗಾಜು ತೆಗೆಯಬೇಡಿ, ಕೆರೆಯಬೇಡಿ, ಊದಬೇಡಿ.

ಮರದಲ್ಲಿ ಕುಟ್ಟೆಹುಳು ಕಂಡರೆ ಔಷಧಿ ಚುಚ್ಚುವ ಮೊದಲು ತಣ್ಣಗಿಡುವ ದಾರಿ ಇದೆ. ಪಾಲಿಥೀನ್‌ನಲ್ಲಿ ಗಾಳಿ ಉಳಿಯದಂತೆ ಸುತ್ತಿ, ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಅಥವಾ ಮೈನಸ್ 20ರಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಪೂರ್ತಿ ಸುತ್ತು ಬಿಚ್ಚಬಾರದು. ಹನಿಯುವ ನೀರು ಪಾಲಿಥೀನಿನ ಹೊರಗೇ ನಿಲ್ಲಲಿ. ಬಣ್ಣ ಬಳಿದ, ದಂತ ಕೂರಿಸಿದ ವಸ್ತುಗಳಿಗೆ ಇದು ಹೊಂದದು. ಮರದ ಕೀಲು ಬಿಟ್ಟಿದ್ದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟಾದ ಸರೇಸೇ ಸರಿ: ಬಿಸಿ, ತೇವ ಕೊಟ್ಟರೆ ಮತ್ತೆ ಬಿಡಿಸಬಹುದು. ಎಪಾಕ್ಸಿ ಎಂಬ ಬಿಡಿಸಲಾಗದ ರಾಸಾಯನಿಕ ಅಂಟು ಹಾಕಿದರೆ ಮುಂದಿನ ದುರಸ್ತಿಗಾರ ಮರವನ್ನೇ ಕೊಯ್ಯಬೇಕಾಗುತ್ತದೆ.

ಹಾಗಾದರೆ ಎಂಜಿನಿಯರ್ ಕಲಿತದ್ದು ಇಲ್ಲಿ ದಂಡವೇ? ಇಲ್ಲ. ಅಳೆಯುವ, ಬರೆದಿಡುವ ಅವನ ಚಟ ಸಂಗ್ರಹಕ್ಕೆ ವರ. ಸಿವಿಲ್ ಎಂಜಿನಿಯರ್ ಕೋರ್ಟ್ನಿ ಇಲ್ಬರ್ಟ್ (1888–1956) ಕೂಡಿಸಿದ ಎರಡು ಸಾವಿರಕ್ಕೂ ಹೆಚ್ಚು ಕೈಗಡಿಯಾರ-ಜೇಬುಗಡಿಯಾರ ಮತ್ತು ಗಡಿಯಾರಗಳು 1958ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದವು. ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಪಳಗಿದ ಸರ್ ಡೇವಿಡ್ ಸಾಲೊಮನ್ಸ್ (1851–1925) ಸಂಗ್ರಹಿಸಿದ್ದ, ಪ್ಯಾರಿಸ್ಸಿನ ಹೆಸರಾಂತ ಗಡಿಯಾರ ತಯಾರಕ ಬ್ರೆಗೆಯ ಗಡಿಯಾರಗಳು ಜೆರುಸಲೇಮಿನ ವಸ್ತುಸಂಗ್ರಹಾಲಯದಿಂದ 1983ರಲ್ಲಿ ಕಳುವಾದವು. ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್‌ಗೆಂದು ಮಾಡಿದ 160ನೇ ಸಂಖ್ಯೆಯದೂ ಅದರಲ್ಲಿತ್ತು. 2006ರ ನಂತರ ಬಹುಪಾಲು ಮರಳಿ ಸಿಕ್ಕವು. ಸಂಖ್ಯೆಯಿಲ್ಲದ, ಚಿತ್ರವಿಲ್ಲದ ಸಂಗ್ರಹ ಕಳುವಾದರೆ ತನ್ನದೆಂದು ಹೇಳಲು ಮಾಲೀಕನ ಬಳಿ ಏನಿರುತ್ತದೆ?

ಆದ್ದರಿಂದ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇರಲಿ. 20 ಗ್ರಾಂ ಪ್ಯಾರಲಾಯ್ಡ್ ಬಿ-72 (ಸಂರಕ್ಷಕರು ಬಳಸುವ ಪಾರದರ್ಶಕ ಅಕ್ರಿಲಿಕ್ ರಾಳ) ಅನ್ನು ಅಸಿಟೋನಿನಲ್ಲಿ ಕರಗಿಸಿ 100 ಮಿ.ಲೀ. ದ್ರಾವಣ ಮಾಡಿ, ವಸ್ತುವಿನ ಅಡಿಯಲ್ಲಿ ಉಗುರಗಲದ ಪಟ್ಟಿ ಸವರಿ, ಆರಿದ ಮೇಲೆ ಮಸಿಯಲ್ಲಿ ಸಂಖ್ಯೆ ಬರೆದು, ಮೇಲೊಂದು ಪದರ ಸವರಿ. ಬೇಕೆಂದಾಗ ಅಸಿಟೋನಿನಲ್ಲಿ ಅಳಿಸಬಹುದು. ಪ್ಲಾಸ್ಟಿಕ್, ಅರಗು, ಬಣ್ಣ ಬಳಿದ ಮೈಗೆ ಮಾತ್ರ ಬೇಡ, ಅಸಿಟೋನು ಅವುಗಳನ್ನೇ ಕರಗಿಸುತ್ತದೆ. ಅಲ್ಲಿ ದಾರ ಕಟ್ಟಿದ ಚೀಟಿ ಸಾಕು. ಕ್ಯಾಲಿಪರಿನಲ್ಲಿ ಅಳತೆ, ತೂಕ, ಅಳತೆಪಟ್ಟಿ ಪಕ್ಕಕ್ಕಿಟ್ಟು ನಾಲ್ಕೂ ಬದಿಯ ಮತ್ತು ಅಡಿಯ ಫೋಟೊ, ಹಿಂದಿನ ಮಾಲೀಕ ಯಾರು, ಎಂದು ಕೈಗೆ ಬಂತು, ನೀವು ಏನನ್ನು ಬದಲಿಸಿದಿರಿ ಎಂಬುದೆಲ್ಲ ಅದೇ ಸಂಖ್ಯೆಯಡಿ ಬರೆದಿಡಿ. ತೆಗೆದ ಹಳೆಯ ಭಾಗವನ್ನು ಎಸೆಯದೆ ಅದಕ್ಕೂ ಚೀಟಿ ಕಟ್ಟಿಡಿ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಾಟದ ವಿರುದ್ಧ 1970ರ ನವೆಂಬರಿನಲ್ಲಿ ಯುನೆಸ್ಕೊ ಒಪ್ಪಂದವಾದ ಮೇಲೆ ಅನೇಕ ವಸ್ತುಸಂಗ್ರಹಾಲಯಗಳು ಕೇಳುವ ಮೊದಲ ಪ್ರಶ್ನೆಯೇ ಆ ವರ್ಷಕ್ಕೆ ಮುಂಚೆ ವಸ್ತು ಎಲ್ಲಿತ್ತು ಎಂಬುದು. ಮಾರುವವನು ಅದಕ್ಕೆ ಕಾಗದ ತೋರಿಸದೆ ಕಥೆ ಹೇಳಿದರೆ, ವಿಗ್ರಹ ಎಷ್ಟೇ ಚೆಲುವಾಗಿದ್ದರೂ ಅವನ ಬಳಿಯೇ ಬಿಟ್ಟು ಬನ್ನಿ.

ಇಂತಿ,
ಹಳೆಯ ವಸ್ತುಗಳ ಸಂರಕ್ಷಣೆಯಲ್ಲಿ ತೊಡಗಿರುವ ಕೆಲವು ಓದುಗರು